ಪುತ್ತೂರಿನಲ್ಲಿ ಆದದ್ದು ಯಾದಗಿರಿಯಲ್ಲಿ ಏಕಾಗಬಾರದು?

(ಯಾದಗಿರಿ, ಶಹಾಪುರ, ಸುರಪುರದ ತರುಣರ ಮುಂದೆ ಆಡಿದ ಮಾತು)



ನಮ್ಮ ಮೂರೂರಿನ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಬಸ್ ಸ್ಟ್ಯಾಂಡಿನ ಪ್ರತಿ ಅಂಗಡಿಯ ಫ್ರಿಜ್ ಮುಂದೆ ಜನವೋ ಜನ. ಬಾಟಲಿ ಕೊಳ್ಳುತ್ತೇವೆ, ಕುಡಿಯುತ್ತೇವೆ, ಎಸೆಯುತ್ತೇವೆ. ಇನ್ನು ಮುಂದೆ ಎಸೆಯುವ ಮೊದಲು ಅದನ್ನು ತಿರುಗಿಸಿ ಓದಿ. ಇದನ್ನು ಮಾಡಿದವರು ಯಾರು? ಯಾವ ಊರಿನ ನೀರು? ನಾವು ಕೊಟ್ಟ ದುಡ್ಡು ಯಾವ ಊರಿಗೆ ಹೋಯಿತು?

ಈ ವ್ಯಾಪಾರದಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. 1977ರಲ್ಲಿ ಕೋಕಾ ಕೋಲಾ ಭಾರತ ಬಿಟ್ಟು ಹೋಯಿತು. ಭಾರತದ ಕಂಪನಿಯಲ್ಲಿ ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂದು ಅಂದಿನ ಕಾನೂನು ಹೇಳುತ್ತಿತ್ತು. ಕಂಪನಿ ಒಪ್ಪಲಿಲ್ಲ, ಸರ್ಕಾರ ಬಗ್ಗಲಿಲ್ಲ. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅದರ ಜಾಗಕ್ಕೆ ಸರ್ಕಾರವೇ 'ಡಬಲ್ ಸೆವೆನ್' ಎಂಬ ಪಾನೀಯ ತಂದಿತು. ಅದರ ರುಚಿ ಕಂಡುಹಿಡಿದದ್ದು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ. ಆದರೆ ಡಬಲ್ ಸೆವೆನ್ ಬಹಳ ದಿನ ಬಾಳಲಿಲ್ಲ. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು, ಥಮ್ಸ್ ಅಪ್, ಲಿಮ್ಕಾಗಳನ್ನೂ ಕೊಂಡುಕೊಂಡಿತು. ಇನ್ನು ನಮ್ಮವರಿಗೆ ಇಲ್ಲಿ ಜಾಗವಿಲ್ಲ ಎಂದು ಎಲ್ಲರೂ ಅಂದರು.

ಹಾಗೆಂದು ನಂಬದ ಒಬ್ಬ ಕನ್ನಡಿಗ ಇದ್ದರು. ದಕ್ಷಿಣ ಕನ್ನಡದ ಸತ್ಯಶಂಕರ್. ಪುರೋಹಿತರ ಮನೆಯ ಹುಡುಗ. ಮನೆಯ ಬಡತನದಿಂದ ಓದು ಪಿ.ಯು.ಸಿ.ಗೆ ನಿಂತಿತು. ಎಂಬತ್ತರ ದಶಕದಲ್ಲಿ ಸಾಲ ತೆಗೆದು ಆಟೋ ಓಡಿಸಿದರು. ಸಾಲ ತೀರಿಸಿ ಕಾರು ಕೊಂಡರು. ಆಮೇಲೆ ಟೈರು ವ್ಯಾಪಾರ, ವಾಹನಗಳಿಗೆ ಸಾಲ ಕೊಡುವ ಸಂಸ್ಥೆ. 2000ದಲ್ಲಿ 'ಬಿಂದು' ಹೆಸರಿನ ನೀರಿನ ಬಾಟಲಿ. 2002ರಲ್ಲಿ ಜೀರಿಗೆ ಸೋಡಾ. ಅದೇ ಇಂದು ನಿಮ್ಮ ಅಂಗಡಿಯಲ್ಲೂ ಸಿಗುವ ಬಿಂದು ಜೀರಾ.

ಅವರು ಏನು ಮಾಡಿದರು ಗಮನಿಸಿ. ಕೋಲಾದವರ ಎದುರು ಇನ್ನೊಂದು ಕೋಲಾ ಹಿಡಿದು ನಿಲ್ಲಲಿಲ್ಲ. ಹಾಗೆ ಮಾಡಿದ್ದರೆ ಜಾಹೀರಾತಿನ ದುಡ್ಡಿನಲ್ಲೇ ಮುಳುಗುತ್ತಿದ್ದರು. ಉಂಡ ಮೇಲೆ ನಮ್ಮ ಜನ ತಲೆಮಾರುಗಳಿಂದ ಬಯಸುವ ಜೀರಿಗೆಯ ರುಚಿಯನ್ನು ಬಾಟಲಿಗೆ ತುಂಬಿದರು. ದೊಡ್ಡವರು ಕಾಣದೆ ಬಿಟ್ಟ ಜಾಗ ಅದು. ಇನ್ನೊಂದು ಮಾತು. ಕಾರ್ಖಾನೆ ಕಟ್ಟಲು ಅವರು ಬೆಂಗಳೂರಿಗೆ ಓಡಲಿಲ್ಲ, ಪುತ್ತೂರಿನ ಪಕ್ಕದ ನರಿಮೊಗರಿನಲ್ಲಿ ಕಟ್ಟಿದರು.

ಗೆಳೆಯರೇ, ಉದ್ಯಮಿಯ ಸಮಾಜಸೇವೆ ಎಂದರೆ ನಮಗೆ ಕಣ್ಣಮುಂದೆ ಬರುವುದು ಆಸ್ಪತ್ರೆಯಲ್ಲಿ ಹಣ್ಣು ಹಂಚುವ ಫೋಟೋ, ಶಾಲೆಗೆ ಕೊಟ್ಟ ನೋಟ್‌ಬುಕ್ಕು, ಹಾರ, ಶಾಲು. ನಾನು ಮುದ್ರಣಾಲಯ ನಡೆಸುವವನು. ಅಂಥ ಕರಪತ್ರಗಳನ್ನು ಎಷ್ಟು ಛಾಪಿಸಿದ್ದೇನೋ ಲೆಕ್ಕವಿಲ್ಲ. ದಾನ ತಪ್ಪಲ್ಲ. ಆದರೆ ತಂಪು ಪಾನೀಯದ ಧಣಿಯನ್ನು ಅಳೆಯುವ ಕೋಲು ಬೇರೆ.

ಮೊದಲನೆಯದು ಕೆಲಸ. ಅವನ ಗೇಟಿನೊಳಗೆ ಊರಿನ ಹುಡುಗರು ಎಷ್ಟು ಜನ? ಕಾವಲು ಕಾಯುವ ಕೆಲಸವಷ್ಟೇ ಅವರಿಗೋ, ಯಂತ್ರ ನಡೆಸುವ ಕೆಲಸ, ಲೆಕ್ಕದ ಕೆಲಸವೂ ಉಂಟೋ?

ಎರಡನೆಯದು ನೀರು. ಕೇರಳದ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಕಾರ್ಖಾನೆ ಬಂದ ಮೇಲೆ ಬಾವಿಗಳು ಬತ್ತಿದವು, ನೀರು ಕೆಟ್ಟಿತು ಎಂದು ಜನ ಬೀದಿಗಿಳಿದರು. 2004ರಲ್ಲಿ ಅದು ಮುಚ್ಚಿತು. ಕೃಷ್ಣೆ, ಭೀಮೆ ಹರಿದರೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಹಳ್ಳಿಗಳು ನಮ್ಮಲ್ಲಿವೆ. ಊರಿನ ಬಾವಿ ಬತ್ತಿಸಿ ಶಾಲೆಗೆ ಬೆಂಚು ಕೊಟ್ಟರೆ ಅದು ಸೇವೆಯಲ್ಲ.

ಮೂರನೆಯದು ಆರೋಗ್ಯ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆ ಮಾರಿ, ಸಕ್ಕರೆ ಕಾಯಿಲೆಯ ಶಿಬಿರ ನಡೆಸಿದರೆ ಚಪ್ಪಾಳೆ ಬೇಕೇ?

ನಾಲ್ಕನೆಯದು ನುಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಏನು ಹೇಳುತ್ತದೆ? ರಾಜ್ಯದಲ್ಲಿ ತಯಾರಾದ ವಸ್ತುವಿನ ಹೆಸರು, ಬಳಸುವ ಸೂಚನೆ ಬೇರೆ ಭಾಷೆಯ ಜೊತೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ನನ್ನ ಬಳಿ ಲೇಬಲ್ ಮಾಡಿಸಲು ಬರುವ ಸೋಡಾದವರು "ಇಂಗ್ಲಿಷ್‌ನಾಗ ಹಾಕ್ರೀ, ಕಂಪನಿ ಮಾಲಿನಂಗ ಕಾಣ್ತದ" ಅನ್ನುತ್ತಾರೆ. ಕುಡಿಯುವವನು ಶಹಾಪುರದ ಹಮಾಲ, ಸುರಪುರದ ರೈತ. ಲೇಬಲ್ ಯಾರಿಗಾಗಿ?

ಈ ನಾಲ್ಕು ಪ್ರಶ್ನೆ ಹೊರಗಿನ ಕಂಪನಿಗೂ ಸರಿ, ಬಿಂದುವಿಗೂ ಸರಿ, ನಾಳೆ ನೀವು ಕಟ್ಟುವ ಕಂಪನಿಗೂ ಸರಿ. ನಮ್ಮವನೆಂದು ಯಾರಿಗೂ ರಿಯಾಯಿತಿ ಬೇಡ.

ದಾನದ ವಿಷಯದಲ್ಲೂ ಕೈಮುಗಿದು ನಿಲ್ಲಬೇಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಓದಿ. ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ನಡೆಯುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ಕಡೇಚೂರಿನ ಕೈಗಾರಿಕಾ ಪ್ರದೇಶದ ಕಂಪನಿಗಳ ಮುಂದೆ ಈ ಕಲಂ ಹಿಡಿದು ಹೋಗಿ. ಭಿಕ್ಷೆ ಕೇಳಬೇಡಿ, ಲೆಕ್ಕ ಕೇಳಿ.

ಇನ್ನು ನಮ್ಮ ಮಾತು. ನಮ್ಮ ಜನ ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಊರಿನ ಮನೆಗೆ ಬೀಗ, ಮಕ್ಕಳ ಶಾಲೆಗೆ ಚಕ್ಕರ್. ನೆರೆಯ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಲಿಂಬೆಯ ರಾಶಿ. ಬಿಸಿಲು ನಮ್ಮದು, ಬಾಯಾರಿಕೆ ನಮ್ಮದು, ಕುಡಿಯುವವರು ನಾವು. ಲಿಂಬೆ ಶರಬತ್ತು ಮಾತ್ರ ಹೊರಗಿನಿಂದ ಬರಬೇಕೇ? ಪಾನಕ, ಮಸಾಲೆ ಮಜ್ಜಿಗೆ, ಗೋಲಿ ಸೋಡಾ ನಮ್ಮ ಮನೆಯ, ನಮ್ಮ ಬೀದಿಯ ರುಚಿಗಳು. ಸಕ್ಕರೆ ಕಡಿಮೆ ಹಾಕಿ ಅವನ್ನು ಶುದ್ಧವಾಗಿ ಬಾಟಲಿಗೆ ತುಂಬಲು ನಮ್ಮ ಹುಡುಗರಿಗೆ ಬಾರದೇ?

ಸುಲಭವೆಂದು ನಾನು ಹೇಳುವುದಿಲ್ಲ. ಆಹಾರ ಸುರಕ್ಷತೆಯ ಲೈಸೆನ್ಸ್ ಬೇಕು, ನೀರಿನ ಪರೀಕ್ಷೆ ಬೇಕು, ಬ್ಯಾಂಕಿನ ಮೆಟ್ಟಿಲು ಹತ್ತಿಳಿಯಬೇಕು. ಅಂಗಡಿಯವನು ಮೊದಲು "ಇದು ನಡಿಯಂಗಿಲ್ಲ" ಅನ್ನುತ್ತಾನೆ. ಆದರೆ ಮೈಸೂರಿನ ವಿಜ್ಞಾನಿಗಳ ವಿದ್ಯೆ, ದಿಲ್ಲಿ ಸರ್ಕಾರದ ಬಲ ಎರಡೂ ಇದ್ದ ಪಾನೀಯ ಉಳಿಯಲಿಲ್ಲ. ಪಿ.ಯು.ಸಿ. ಓದಿ ಆಟೋ ಓಡಿಸಿದವರ ಪಾನೀಯ ಉಳಿಯಿತು. ಇದನ್ನು ಮರೆಯಬೇಡಿ.

ಇಲ್ಲಿ ಕುಳಿತ ನೂರು ಜನರಲ್ಲಿ ಇಬ್ಬರು ಈ ಕೆಲಸಕ್ಕೆ ಕೈಹಾಕಿದರೂ ಸಾಕು. ಉಳಿದವರು ಅಂಗಡಿಗೆ ಹೋದಾಗ ಅವರ ಬಾಟಲಿಯನ್ನೇ ಹೆಸರು ಹಿಡಿದು ಕೇಳಿ. ಲೇಬಲ್ ಬೇಕಾದರೆ ನನ್ನ ಮುದ್ರಣಾಲಯಕ್ಕೆ ಬನ್ನಿ. ಮೊದಲ ಸಾವಿರ ಲೇಬಲ್ ಕಾಗದದ ಬೆಲೆಗೆ ಛಾಪಿಸಿ ಕೊಡುತ್ತೇನೆ. ಒಂದೇ ಷರತ್ತು: ಊರಿನ ಹೆಸರು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು.