ದೊಡ್ಡವರಿಗೆ ಇಂಗ್ಲಿಷ್ ಉಚ್ಚಾರಣೆ

(ವಿಜಯನಗರದಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಮಕ್ಕಳ ವಿದ್ಯಾರ್ಥಿವೇತನದ ವಿವರ ವರದಿಯಲ್ಲಿದೆ. ನನಗೆ ಕೊಟ್ಟಿರುವ ಸಮಯದಲ್ಲಿ ದೊಡ್ಡವರ ಸಂಜೆ ತರಗತಿಯ ಬಗ್ಗೆ, ಅದರಲ್ಲೂ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಮಾತಾಡುತ್ತೇನೆ. ನಲವತ್ತು ದಾಟಿದ ಮೇಲೆ ನಾಲಿಗೆ ಹೊರಳುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ರಾಜಾಜಿನಗರದವರು ದಿನಾ ಹೇಳುವ ವಿಳಾಸವನ್ನೇ ತೆಗೆದುಕೊಳ್ಳಿ: ವೆಸ್ಟ್ ಆಫ್ ಕಾರ್ಡ್ ರೋಡ್. ಇಂಗ್ಲಿಷಿನಲ್ಲಿ ‘ವ’ ಎರಡು ಬಗೆ. ಕನ್ನಡದಲ್ಲೂ ಉರ್ದುವಿನಲ್ಲೂ ಒಂದೇ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ‘ವೆಸ್ಟ್’ ಎಂದರೆ ಬನಿಯನ್! ದಿಕ್ಕು ಬೇಕಾದರೆ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು. ‘ಉ’ ಎನ್ನುವ ಹಾಗೆ ಬಾಯಿ ಇಟ್ಟುಕೊಂಡು ತಟ್ಟನೆ ‘ಎಸ್ಟ್’ ಅನ್ನಿ. ಚಿಕ್ಕಂದಿನಲ್ಲಿ ತಜ್ವೀದ್ ಕಲಿತವರಿಗೆ ಇದು ಹೊಸದಲ್ಲ, ಅರಬ್ಬಿಯ ‘ವಾವ್’ ಹೊರಡುವುದು ಹೀಗೆಯೇ. ‘ಥಿಂಕ್’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಅಂಚಿಗೆ ತಾಗಿ ಗಾಳಿ ನುಸುಳಬೇಕು. ಉರ್ದುವಿನಲ್ಲಿ ‘ಸ’ ಎಂದೇ ಓದುವ ‘ಸೇ’ ಅಕ್ಷರವನ್ನು ಕುರ್‌ಆನ್ ಓದಿಸುವಾಗ ಉಸ್ತಾದರು ತಿದ್ದುತ್ತಿದ್ದರಲ್ಲ, ಅದೇ ಜಾಗ. ಅವರು ಮಖ್ರಜ್ ಎಂದದ್ದನ್ನೇ ಕನ್ನಡ ಮೇಷ್ಟ್ರು ಉಚ್ಚಾರಣಾ ಸ್ಥಾನ ಎಂದರು. ನಮ್ಮ ಕ, ಚ, ಟ, ತ, ಪ ವರ್ಗಗಳು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ನಿಂತಿವೆ. ಮಗುವಿಗೆ ಇದನ್ನೆಲ್ಲ ವಿವರಿಸಿ ಹೇಳಲಾಗದು, ದೊಡ್ಡವರಿಗೆ ಹೇಳಬಹುದು.

ಇನ್ನು ‘ಇಸ್ಕೂಲ್’, ‘ಇಸ್ಟೇಷನ್’. ಯಾರೂ ನಗಬೇಡಿ. ‘ಸ್ನಾನ’, ‘ಸ್ಥಳ’ ಎಂದು ಸಲೀಸಾಗಿ ಹೇಳುವವರು ಮೊದಲ ಸಕಾರವನ್ನು ಹಾವು ಬುಸುಗುಟ್ಟುವ ಹಾಗೆ ಎಳೆದು ‘ಕೂಲ್’ ಸೇರಿಸಿದರೆ ಆಯಿತು.

ಇವಕ್ಕಿಂತ ದೊಡ್ಡ ತೊಡಕು ದನಿಯ ಒತ್ತಿನದು. ಕನ್ನಡದಲ್ಲಿ ದನಿ ಎಲ್ಲಿ ಏರಿದರೂ ಪದದ ಅರ್ಥ ಕೆಡುವುದಿಲ್ಲ, ಇಂಗ್ಲಿಷಿನಲ್ಲಿ ಕೆಡುತ್ತದೆ. ‘ಫಿಫ್ಟಿ’ಯಲ್ಲಿ ಒತ್ತು ಮೊದಲಿಗೆ; ‘ಫಿಫ್ಟೀನ್’ನಲ್ಲಿ ಕೊನೆಗೆ, ಅದೂ ಎಳೆದು. ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿರುವ ಹೆಣ್ಣುಮಗಳು ಫೋನಿನಲ್ಲಿ ಔಷಧಿಯ ಪ್ರಮಾಣ ಹೇಳುತ್ತಾಳೆ; ಹದಿನೈದು ಐವತ್ತಾಗಿ ಕೇಳಿಸಿದರೆ ಗತಿಯೇನು? ಆದ್ದರಿಂದ ನಮ್ಮ ಶಿಕ್ಷಕಿಯರು ‘ವ’ ತಿದ್ದುವುದಕ್ಕೆ ಮೊದಲು ಅಂಕಿಗಳನ್ನು ತಿದ್ದಲಿ. ಲಂಡನ್ನಿನವರ ಹಾಗೆ ಮಾತಾಡುವ ಹಟ ನಮಗೆ ಬೇಡ. ಹೇಳಿದ್ದು ಒಂದೇ ಸಲಕ್ಕೆ ಎದುರಿನವರಿಗೆ ತಿಳಿಯಬೇಕು, ಅಷ್ಟೇ.

ಕೆಂಗೇರಿಗೆ ಹೋಗುವ ದಾರಿಯಲ್ಲಿ, ಜ್ಞಾನಭಾರತಿ ಆವರಣದಲ್ಲಿ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದದ್ದು. ಅಲ್ಲಿ ತರಬೇತಿಗೆ ಬರುವ ಮೇಷ್ಟ್ರುಗಳೂ ವಯಸ್ಕರೇ, ಸಂಸಾರವಂತರೇ. ಇಂಗ್ಲಿಷ್ ಕಲಿಸುವ ಆಸೆಯಿರುವ ನಮ್ಮ ಪದವೀಧರರು ಒಮ್ಮೆ ಹೋಗಿ ವಿಚಾರಿಸಿ ಬನ್ನಿ.

ಸಂಜೆ ತರಗತಿಗೆ ಸೇರುವ ಅಮ್ಮಂದಿರು, ಅಪ್ಪಂದಿರು ಮೊದಲ ದಿನ ಪುಸ್ತಕ ತರುವುದು ಬೇಡ. ನಿಮ್ಮ ಫೋನ್ ನಂಬರು, ಮನೆಯ ವಿಳಾಸ, ಮಕ್ಕಳ ಹುಟ್ಟಿದ ತಾರೀಖು ಬರೆದುಕೊಂಡು ಬನ್ನಿ. ಗಟ್ಟಿಯಾಗಿ ಓದಿ, ನಿಮ್ಮ ಫೋನಿನಲ್ಲೇ ಧ್ವನಿಮುದ್ರಿಸಿ ಕೇಳಿಸಿಕೊಳ್ಳೋಣ. ಪಾಠ ಅಲ್ಲಿಂದಲೇ ಶುರು.