ಕಾಗದಗಳಲ್ಲಿ ಉಳಿದ ಪಂಡಿತರು

(ಬಿ.ದುರ್ಗದ ನಿವಾಸಿಯೊಬ್ಬರು ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ನಾನು ಆರಿಸಿಕೊಂಡಿರುವ ವಿಷಯ ಕಲೆಯ ಇತಿಹಾಸವನ್ನು ಬರೆದ ಪಂಡಿತರೊಬ್ಬರ ಕಾಗದಪತ್ರಗಳು. ಮಠದ ಉತ್ಸವಕ್ಕೂ ಹಳೆಯ ಕಾಗದದ ಕಟ್ಟಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಅದನ್ನು ಕಡೆಯಲ್ಲಿ ಅರಿಕೆ ಮಾಡುವೆನು.

ಆನಂದ ಕುಮಾರಸ್ವಾಮಿಯವರು 1877ರಲ್ಲಿ ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸಿಂಹಳದ ತಮಿಳರು, ತಾಯಿ ಆಂಗ್ಲ ಮಹಿಳೆ. ಭೂಗರ್ಭಶಾಸ್ತ್ರವನ್ನು ವ್ಯಾಸಂಗಮಾಡಿ ಸಿಂಹಳದ ಖನಿಜಗಳನ್ನು ಪರೀಕ್ಷಿಸುತ್ತಿದ್ದ ಇವರು, ಅಲ್ಲಿಯ ಹಳ್ಳಿಗಳ ಕೈಗಾರಿಕೆ ಕ್ಷೀಣಿಸುತ್ತಿದ್ದುದನ್ನು ಕಂಡು ನೊಂದು, ಕಲೆಯ ಕಡೆಗೆ ತಿರುಗಿದರು. ಸೋದರಿ ನಿವೇದಿತಾ ಅವರು ಆರಂಭಿಸಿದ ಪುರಾಣಕಥೆಗಳ ಗ್ರಂಥವನ್ನು ಆಕೆಯ ನಿಧನದ ತರುವಾಯ ಪೂರೈಸಿದವರು ಇವರೇ. 1913ರಲ್ಲಿ ಹೊರಬಂದ ಆ ಗ್ರಂಥದಲ್ಲಿ ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರು ಬರೆದ ಚಿತ್ರಗಳೂ ಇರುವುವು.

ತಾವು ಕೂಡಿಹಾಕಿದ್ದ ಚಿತ್ರಗಳನ್ನು ಭಾರತದಲ್ಲಿಯೇ ಇರಿಸಬೇಕೆಂದು ಅವರು ಬಯಸಿದ್ದರು. ಇಲ್ಲಿ ಅದಕ್ಕೆ ಆಶ್ರಯ ದೊರೆಯಲಿಲ್ಲ. 1917ರಲ್ಲಿ ಆ ಸಂಗ್ರಹವು ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಹಿಂದೆಯೇ ಅವರೂ ಹೋದರು. 1947ರ ಸೆಪ್ಟೆಂಬರಿನಲ್ಲಿ ಆ ದೇಶದಲ್ಲಿಯೇ ತೀರಿಕೊಂಡರು. ಅವರ ಕಾಗದಪತ್ರಗಳು ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿರುವುವು. ಆಯ್ದ ಪತ್ರಗಳ ಸಂಪುಟವು 1988ರಲ್ಲಿ ಪ್ರಕಟವಾಯಿತು.

ಈ ಪಂಡಿತರು ಆತ್ಮಚರಿತ್ರೆ ಬರೆಯಲು ಒಪ್ಪಿದವರಲ್ಲ. ಕೆಲಸವೇ ಮುಖ್ಯ, ಮಾಡಿದವನ ಹೆಸರಲ್ಲ ಎಂಬುದು ಅವರ ನಿಲುವು. ಆದರೂ ಶಿಲ್ಪಿ ಎರಿಕ್ ಗಿಲ್, ವಿಜ್ಞಾನದ ಇತಿಹಾಸಕಾರ ಜಾರ್ಜ್ ಸಾರ್ಟನ್ ಮೊದಲಾದವರಿಗೆ ಬರೆದ ಪತ್ರಗಳಲ್ಲಿ ಅವರು ಯೋಚಿಸುತ್ತಿದ್ದ ರೀತಿಯೇ ನಮಗೆ ಕಾಣುವುದು. ಗ್ರಂಥದಲ್ಲಿ ತೀರ್ಮಾನವು ಇರುವುದು. ಪತ್ರದಲ್ಲಿ ಆ ತೀರ್ಮಾನಕ್ಕೆ ನಡೆದ ದಾರಿಯು ಇರುವುದು. ಆದುದರಿಂದಲೇ ಪಂಡಿತನ ಮನೆಯ ಮಾತು ಬೇರೆ, ಶಾಸ್ತ್ರದ ಮಾತು ಬೇರೆ ಎಂದು ಪತ್ರಗಳನ್ನು ಸುಲಭವಾಗಿ ಬೇರ್ಪಡಿಸಲಾಗದು.

ಇನ್ನು ನಮ್ಮ ಸೀಮೆಗೆ ಬರೋಣ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ನೆಲವನ್ನು ಅಗೆಸಿ ಶೋಧಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಶೋಧಿಸಿದರು. ದುರ್ಗದ ಇತಿಹಾಸದ ಸಾಮಗ್ರಿಯನ್ನು ಹುಲ್ಲೂರು ಶ್ರೀನಿವಾಸ ಜೋಯಿಸರು ಶ್ರಮಪಟ್ಟು ಕೂಡಿಸಿದರು. ಇಂತಹ ಕಾರ್ಯಗಳು ಒಬ್ಬರಿಂದ ಆಗುವುವಲ್ಲ. ಊರಿನ ಶಾನುಭೋಗರು, ಉಪಾಧ್ಯಾಯರು, ಗೌಡರು ಬರೆದು ತಿಳಿಸದಿದ್ದರೆ ಯಾವ ಹೊಲದಲ್ಲಿ ಯಾವ ಕಲ್ಲಿದೆಯೆಂಬುದು ಪಂಡಿತನಿಗೆ ಹೇಗೆ ತಿಳಿಯಬೇಕು?

ನನ್ನ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುವೆನು. ನಮ್ಮ ತಾತನವರು ಸುತ್ತಲಿನ ಗುಡಿಗಳ ವಿಷಯವಾಗಿ ಸ್ನೇಹಿತರೊಡನೆ ಪತ್ರವ್ಯವಹಾರ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ಅಟ್ಟದ ಮೇಲಿದ್ದ ಆ ಕಟ್ಟನ್ನು ಗೆದ್ದಲು ಹತ್ತಿತೆಂದು ನಾನೇ ಬಚ್ಚಲ ಒಲೆಗೆ ಹಾಕಿದೆನು. ಒಂದು ಹಂಡೆ ನೀರು ಕಾಯಿತು. ಆ ಗುಡಿಗಳಲ್ಲೊಂದು ಈಗ ಬಿದ್ದುಹೋಗಿದೆ. ಅದು ಹೇಗಿತ್ತೆಂದು ಹೇಳಬಲ್ಲ ಕಾಗದವೂ ಇಲ್ಲ, ಹೇಳಬಲ್ಲ ಮನುಷ್ಯರೂ ಇಲ್ಲ.

ಮಠದ ಸಂಬಂಧವು ಇಲ್ಲಿರುವುದು. ಶರಣರ ವಚನಗಳ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರು ಯಾರು? ಮಠಗಳು ಮತ್ತು ಮನೆಗಳು. ಅವರು ಜತನಮಾಡದೆ ಇದ್ದಿದ್ದರೆ ಫ. ಗು. ಹಳಕಟ್ಟಿಯವರಿಗೆ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಲು ಏನು ದೊರೆಯುತ್ತಿತ್ತು? ಓಲೆಗೆ ತೋರಿದ ಆ ಆದರವನ್ನು ಕಾಗದಕ್ಕೂ ತೋರಬೇಕೆಂಬುದೇ ನನ್ನ ವಿಜ್ಞಾಪನೆ.

ಮನೆಯಲ್ಲಿ ಹಳೆಯ ಪತ್ರಗಳಿದ್ದರೆ ಸುಡಬೇಡಿರಿ, ತೂಕಕ್ಕೆ ಮಾರಬೇಡಿರಿ. ಲಕೋಟೆಯನ್ನು ಪತ್ರದಿಂದ ಅಗಲಿಸಬೇಡಿರಿ. ಊರೂ ತಾರೀಖೂ ಅಂಚೆಯ ಮುದ್ರೆಯಲ್ಲಿ ಇರುವುವು. ಒಣಗಿದ ಬಟ್ಟೆಯಲ್ಲಿ ಸುತ್ತಿ, ಯಾರು ಯಾರಿಗೆ ಬರೆದುದೆಂದು ಗುರುತುಮಾಡಿರಿ. ಸಂಸಾರದ ಗುಟ್ಟುಗಳಿದ್ದರೆ ಇಂತಿಷ್ಟು ವರ್ಷ ತೆರೆಯಕೂಡದೆಂದು ಮೇಲೆ ಬರೆದಿಡಿರಿ. ಮಾನವೂ ಉಳಿಯುವುದು, ಪತ್ರವೂ ಉಳಿಯುವುದು. ಅವುಗಳಿಗಾಗಿ ಶ್ರೀಮಠದಲ್ಲಿ ಒಂದು ಬೀರುವನ್ನು ಕರುಣಿಸಬೇಕೆಂದು ಸನ್ನಿಧಿಯಲ್ಲಿ ಬೇಡಿಕೊಳ್ಳುವೆನು. ನನ್ನ ತಾತನವರ ಕಟ್ಟು ಅದರೊಳಗೆ ಬರಲಾರದು. ತಮ್ಮ ತಾತಂದಿರದು ಬರಲಿ.