ಆಮೆಗೊಂದು ಆವರಣ

ನಮ್ಮ ಕನ್ನಡದಲ್ಲಿ ಆಮೆಯೆಂಬ ಮಾತು ಒಂದೇ. ಬಾವಿಯಲ್ಲಿರುವುದೂ ಆಮೆ, ಕೆರೆಯಲ್ಲಿರುವುದೂ ಆಮೆ, ಕಾಫಿತೋಟದ ತರಗೆಲೆಗಳ ನಡುವೆ ಮೆಲ್ಲಮೆಲ್ಲನೆ ನಡೆದು ಹೋಗುವುದೂ ಆಮೆಯೆ. ಇಂಗ್ಲಿಷರು ನೆಲದ ಆಮೆಯನ್ನು ಟಾರ್ಟಾಯ್ಸ್ ಎಂದು ಬೇರ್ಪಡಿಸಿ ಕರೆಯುತ್ತಾರೆ. ಮಾತು ಒಂದೇ ಆದುದರಿಂದ ನಮಗೆ ನಷ್ಟವೇನೂ ಇಲ್ಲ. ಆಮೆಗೆ ಮಾತ್ರ ಒಮ್ಮೊಮ್ಮೆ ಪ್ರಾಣನಷ್ಟವಾಗುವುದುಂಟು. ತೋಟದಲ್ಲಿ ಸಿಕ್ಕಿದ ನೆಲದಾಮೆಯನ್ನು ಕನಿಕರದಿಂದಲೇ ಎತ್ತಿ ಬಾವಿಗೆ ಬಿಟ್ಟರೆ, ಈಜಲರಿಯದ ಆ ಜೀವ ಮುಳುಗಿ ಸಾಯುವುದು. ಗುರುತು ಹಿಡಿಯಲು ಕಾಲನ್ನು ನೋಡಿದರೆ ಸಾಕು. ನೀರಾಮೆಯ ಬೆರಳುಗಳ ನಡುವೆ ತೊಗಲಿನ ಜಾಲವಿರುತ್ತದೆ. ನೆಲದಾಮೆಯ ಕಾಲು ಆನೆಯ ಕಾಲಿನಂತೆ ಕಂಬವಾಗಿರುತ್ತದೆ.

ಕೊಡಗಿನ ಮಳೆಕಾಡುಗಳಲ್ಲಿ ಇಂತಹ ಒಂದು ನೆಲದಾಮೆಯುಂಟು. ಬೂಲೆಂಜರ್ ಎಂಬ ಪ್ರಾಣಿಶಾಸ್ತ್ರಜ್ಞರು 1907ರಲ್ಲಿ ಇದನ್ನು ಮೊದಲು ವರ್ಣಿಸಿ ತಿರುವಾಂಕೂರಿನ ಹೆಸರನ್ನಿಟ್ಟರು. ಒಂದಡಿಯಷ್ಟು ಉದ್ದಕ್ಕೆ ಬೆಳೆಯುವ ಇದರ ಚಿಪ್ಪು ಹಳದಿಮಿಶ್ರಿತ ಕಂದು. ಅದರ ಮೇಲೆ ಕಪ್ಪು ಮಚ್ಚೆಗಳು. ಹುಲ್ಲು, ಬಿದ್ದ ಹಣ್ಣು, ಅಣಬೆ, ಹುಳುಹುಪ್ಪಟೆಗಳೇ ಇದರ ಆಹಾರ. ಪಶ್ಚಿಮಘಟ್ಟಗಳ ಹೊರಗೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಸಹಜವಾಗಿ ಬಾಳುವುದಿಲ್ಲ.

ಆಮೆ ಮನೆಯಲ್ಲಿದ್ದರೆ ಸಂಪತ್ತು ಬರುವುದೆಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಆಮೆಗೆ ಇದರಿಂದ ಯಾವ ಸಂಪತ್ತೂ ಬಂದುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಒಣ ಕುರುಚಲು ನೆಲದ ನಕ್ಷತ್ರ ಆಮೆಯನ್ನು ಚೀಲಗಳಲ್ಲಿ ತುಂಬಿ ಕಡಲಾಚೆಗೆ ಸಾಗಿಸುವ ಕಳ್ಳವ್ಯಾಪಾರ ಬಹುಕಾಲದಿಂದ ನಡೆದಿದೆ. 2018ರಲ್ಲಿ ಹೀಗೆ ಹೋಗಿದ್ದ 51 ಆಮೆಗಳು ಸಿಂಗಪುರದಿಂದ ಕರ್ನಾಟಕಕ್ಕೆ ಮರಳಿ ಬಂದವು. ಮರುವರ್ಷ, 2019ರಲ್ಲಿ, ರಾಷ್ಟ್ರಗಳ ನಡುವಣ ಒಪ್ಪಂದವೊಂದು ಈ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿತು. ನಮ್ಮ ದೇಶದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಡಿನ ಕಾಡಾಮೆಯನ್ನು ಹಿಡಿದು ಸಾಕುವುದು ಅಪರಾಧ. ಬೇಲಿ ಎಷ್ಟೇ ಚೆನ್ನಾಗಿದ್ದರೂ ಈ ಮಾತು ಬದಲಾಗದು.

ಹಾಗಾದರೆ ಆವರಣ ಕಟ್ಟಬೇಕಾದವರು ಯಾರು? ಕ್ರಮಬದ್ಧವಾದ ಕಾಗದಪತ್ರಗಳೊಡನೆ ವಿದೇಶದ ಆಮೆಯನ್ನು ಪಡೆದವರು. ಇಂಥವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅದನ್ನು ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆಮೇಲೆ ಬರುವ ಪ್ರಶ್ನೆ ಹವೆಯದು. ಸಾಕುವವರ ಕೈಗೆ ಬರುವ ಆಮೆಗಳಲ್ಲಿ ಸಲ್ಕಾಟ ಎಂಬುದು ಒಂದು. ಅದು ಸಹಾರಾ ಮರುಭೂಮಿಯ ದಕ್ಷಿಣದಂಚಿನ ಒಣಪ್ರದೇಶದ್ದು. ಅಂಗೈಯಗಲದ ಮರಿ ಮುಂದೆ 40 ಕಿಲೋ ತೂಗುವ ಪ್ರಾಣಿಯಾಗಬಹುದು. ಇಂತಹುದನ್ನು ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಗೆ ತಂದು ಕಕ್ಕಡದ ಜಡಿಯಲ್ಲಿ ಹೊರಗೆ ಬಿಟ್ಟರೆ, ಶ್ವಾಸಕೋಶಕ್ಕೆ ನೆಗಡಿ ತಗುಲಿ ನರಳುವುದರಲ್ಲಿ ಆಶ್ಚರ್ಯವಿಲ್ಲ. ಆಮೆಗೆ ತನ್ನ ಮೈಯೊಳಗೆ ಶಾಖವಿಲ್ಲ. ಬಿಸಿಲೇ ಅದರ ಒಲೆ. ಚಿಪ್ಪು ಗಟ್ಟಿಯಾಗುವುದಕ್ಕೂ ಬಿಸಿಲು ಬೇಕು.

ಆದುದರಿಂದ ಮೊದಲು ಸ್ಥಳವನ್ನು ಆರಿಸಬೇಕು. ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ, ಸ್ವಲ್ಪ ಇಳಿಜಾರಾದ ನೆಲ ಉತ್ತಮ. ಒಂದಡಿಯ ಆಮೆಗೆ ಹತ್ತಡಿ ಉದ್ದ, ಆರಡಿ ಅಗಲಕ್ಕೆ ಕಡಮೆಯಾಗಬಾರದು. ಗೋಡೆಯನ್ನು ಇಟ್ಟಿಗೆಯಿಂದಲೋ ಮುರಕಲ್ಲಿನಿಂದಲೋ ಕಟ್ಟಬೇಕೇ ಹೊರತು ತಂತಿಬಲೆಯಿಂದಲ್ಲ. ಬಲೆಯಾಚೆಯ ಹಸುರು ಕಂಡರೆ ಆಮೆ ದಿನವೆಲ್ಲ ಅದನ್ನೇ ತಳ್ಳುತ್ತಿರುವುದು, ಕಾಲು ಸಿಕ್ಕಿಕೊಳ್ಳುವುದು. ಗೋಡೆಯ ಎತ್ತರ ಆಮೆಯ ಉದ್ದದ ಎರಡರಷ್ಟಿರಲಿ, ಮೇಲಂಚು ಒಳಕ್ಕೆ ಚಾಚಿರಲಿ. ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಮೂಲೆಯಲ್ಲಿ ಎರಡೂ ಗೋಡೆಗಳಿಗೆ ಕಾಲುಕೊಟ್ಟು ಆಮೆ ಹತ್ತಬಲ್ಲದು, ಮಗುಚಿ ಬಿದ್ದರೆ ಬಿಸಿಲಿನಲ್ಲಿ ಬೆಂದುಹೋಗಬಹುದು. ತೋಡುವ ಜಾತಿಯಾದರೆ ತಳಹದಿ ಎರಡಡಿಯಾದರೂ ಆಳಕ್ಕಿಳಿಯಬೇಕು.

ಒಳಗೆ ಒಂದು ಪಾಲಿಗೆ ಹೆಂಚಿನ ಮಾಡು, ನೆಲದಿಂದ ಎತ್ತರಿಸಿದ ಒಣ ಹಾಸು, ಅದರ ಮೇಲೆ ತರಗೆಲೆ ಬೇಕು. ಕುಡಿಯುವ ನೀರಿನ ತಟ್ಟೆ ಗಲ್ಲ ಮುಳುಗದಷ್ಟು ತೆಳುವಾಗಿರಲಿ. ನಾಯಿ, ನರಿ, ಮುಂಗುಸಿ, ಕಾಗೆಗಳ ಕಣ್ಣಿಗೆ ಮರಿಯಾಮೆ ಒಂದು ತುತ್ತು. ಮರಿಗಳ ಆವರಣದ ಮೇಲೆ ಬಲೆಯ ಮುಚ್ಚಳ ಅವಶ್ಯ. ಹುಲ್ಲು, ದಾಸವಾಳದ ಎಲೆ ಆಹಾರಕ್ಕೆ ಒಳ್ಳೆಯದು; ಅನ್ನ, ಹಾಲು, ರೊಟ್ಟಿ ಸಲ್ಲವು. ಕಣಗಿಲೆ, ಲಂಟಾನಗಳು ವಿಷ. ಕೊಡಗಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಕಾಫಿಗೂ ಮೆಣಸಿಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ತೋಟದ ಮಗ್ಗುಲಲ್ಲಿ ಆವರಣವಿರಬಾರದು. ಆ ಹುಲ್ಲನ್ನು ಕೊಯ್ದು ಹಾಕಲೂ ಬಾರದು.

ಇಷ್ಟೆಲ್ಲ ಮಾಡಿದರೂ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯದರ್ಶನವಾಗದ ಊರಿನಲ್ಲಿ ಒಳಮನೆಯ ದೀಪದ ಶಾಖವನ್ನೇ ನಂಬಬೇಕಾಗುವುದು. ದೀಪವೋ ವಿದ್ಯುತ್ತನ್ನು ನಂಬಿದೆ. ಆಮೆ ಐವತ್ತು ವರ್ಷಕ್ಕೂ ಮಿಕ್ಕಿ ಬಾಳಬಲ್ಲದು. ಅಷ್ಟು ಕಾಲ ಈ ಊಳಿಗವನ್ನು ನಡೆಸಿಕೊಂಡು ಹೋಗುವವರಾರು ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು. ನಮ್ಮ ಅಭಿಪ್ರಾಯ ಕೇಳಿದರೆ, ಘಟ್ಟದ ಮೇಲಿನವರು ವಿದೇಶದ ಆಮೆಯ ಆಸೆಯನ್ನು ಬಿಡುವುದೇ ಸರಿ.

ಆದರೆ ನಮ್ಮದೇ ಆಮೆಗೆ ನಾವು ಕಟ್ಟಿಕೊಡಬಹುದಾದ ಆವರಣ ಒಂದುಂಟು; ಅದಕ್ಕೆ ಗೋಡೆ ಬೇಡ. ತೋಟದ ತೋಡಿನ ಅಂಚಿನಲ್ಲಿ ಪೊದೆಯನ್ನು ಸವರದೆ ಬಿಡುವುದು, ತರಗೆಲೆಗೆ ಬೆಂಕಿಯಿಡದಿರುವುದು, ರಸ್ತೆ ದಾಟುವುದನ್ನು ಕಂಡರೆ ಅದು ಮುಖಮಾಡಿದ್ದ ಕಡೆಗೇ ದಾಟಿಸಿ ಬಿಡುವುದು. ಮುಖ್ಯವಾಗಿ ವಿದ್ಯುತ್ ಬೇಲಿಯ ವಿಷಯ. ಬೇರೆ ಪ್ರಾಣಿ ತಂತಿ ತಗುಲಿದೊಡನೆ ಹಾರಿ ಹಿಂದೆಗೆಯುವುದು. ಆಮೆ ತನ್ನ ಜನ್ಮಸ್ವಭಾವದಂತೆ ಚಿಪ್ಪಿನೊಳಗೆ ಸೇರಿ ಅಲ್ಲಿಯೇ ಕುಳಿತುಬಿಡುವುದು. ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತಲೇ ಇರುವುದು. ಹೀಗೆ ಆಮೆಗಳು ಸತ್ತುದು ದಕ್ಷಿಣ ಆಫ್ರಿಕದಲ್ಲಿ ದಾಖಲೆಯಾಗಿದೆ. ಆನೆಯನ್ನು ತಡೆಯುವ ಬೇಲಿಗೆ ನೆಲಮಟ್ಟದ ತಂತಿಯ ಅಗತ್ಯವಿಲ್ಲ. ಕೆಳತಂತಿ ನೆಲದಿಂದ ಒಂದಡಿಗೂ ಮೇಲಿದ್ದರೆ ಆನೆಯೂ ನಿಲ್ಲುವುದು, ಆಮೆಯೂ ನುಸುಳುವುದು.

ಕೊಡಗಿನಲ್ಲಿ 1,200ಕ್ಕೂ ಮಿಕ್ಕ ದೇವರಕಾಡುಗಳಿವೆ. ಇಷ್ಟು ನೆಲ ನಮ್ಮದಲ್ಲವೆಂದು ಹಿಂದಿನವರು ಬಿಟ್ಟುಕೊಟ್ಟುದರಿಂದ ಅವು ಉಳಿದವು. ತೋಟದ ಒಡೆಯರು ಬೇಲಿಯ ಕೆಳಗೆ ಆ ಒಂದಡಿಯನ್ನು ಬಿಟ್ಟುಕೊಟ್ಟರೆ ಆಮೆಯ ಮಟ್ಟಿಗೆ ಅಷ್ಟೇ ಸಾಕು.